ವಂಶವೃಕ್ಷದಲ್ಲಿ ಅಜ್ಜಿಯಂದಿರು ಎಲ್ಲಿ?



ನಮ್ಮ ಮನೆತನದ ಚರಿತ್ರೆ ಬರೆಯಬೇಕೆಂಬ ಹಂಬಲದಿಂದ ನಾನು ಗ್ರಂಥಾಲಯಕ್ಕೆ ಹೋಗತೊಡಗಿ ವರ್ಷವಾಯಿತು. ನಿಮ್ಮಲ್ಲೂ ಕೆಲವರಿಗೆ ಈ ಆಸೆ ಇರಬಹುದು. ಹಾಗಿದ್ದರೆ ಊರನ್ನು ಹಳೆಯ ಹೆಸರಿನಿಂದಲೇ ಹುಡುಕಿ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಚನ್ನಪಟ್ಟಣ, ಮಾಗಡಿ ಸೀಮೆಯ ಶಾಸನಗಳಿವೆ. ಅದು ಬೆಂಗಳೂರು ಜಿಲ್ಲೆಯ ಸಂಪುಟ; ನಮ್ಮದು ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಕನಕಪುರ ಆಗ ಕಾನಕಾನಹಳ್ಳಿ, ರಾಮನಗರ ಕ್ಲೋಸ್‌ಪೇಟೆ. ಇದು ತಿಳಿಯದೆ ನಾನು ಎರಡು ದಿನ ಸುಮ್ಮನೆ ಪುಟ ತಿರುವಿದೆ!

ಓದುತ್ತ ಹೋದಂತೆ ಅರಸರು, ಗೌಡರು, ಭೂಮಿ ಬಿಟ್ಟವರು, ಹೋರಾಡಿ ಮಡಿದವರು ಸಿಕ್ಕರು. ಉತ್ತು ಬಿತ್ತಿದ ನಮ್ಮವರು ಸಿಗಲಿಲ್ಲ. ಕಲ್ಲಿನಲ್ಲಿ ಹೆಸರು ಬರೆಸಲು ಅವರ ಬಳಿ ಏನಿತ್ತು?

ಕೊನೆಗೆ ಹಿರಿಯರನ್ನು ಕೇಳಿ ಏಳು ತಲೆಮಾರು ಬರೆದೆ. ಮೊಮ್ಮಗಳು ನೋಡಿ, “ತಾತ, ಇದರಲ್ಲಿ ಅಜ್ಜಿಯರೇ ಇಲ್ಲವಲ್ಲ?” ಎಂದಳು. ನನಗೆ ನಾಚಿಕೆಯಾಯಿತು. ಎಂಟುನೂರು ವರ್ಷಗಳ ಹಿಂದಿನ ಆಯ್ದಕ್ಕಿ ಲಕ್ಕಮ್ಮನನ್ನು, ಕಸ ಗುಡಿಸುವ ಕಾಯಕದ ಸತ್ಯಕ್ಕನನ್ನು ಅವರ ಹೆಸರು ಹಿಡಿದೇ ವೇದಿಕೆಯಲ್ಲಿ ಸ್ಮರಿಸುವ ನನಗೆ, ನನ್ನ ತಂದೆಯ ಅಜ್ಜಿಯ ಹೆಸರು ಗೊತ್ತಿರಲಿಲ್ಲ.

ಈಗ ನೋಟ್‌ಬುಕ್ ಹಿಡಿದು ಮಾಗಡಿ ಕಡೆಯಲ್ಲಿರುವ ಸೋದರತ್ತೆಯ ಮನೆಗೆ ಹೋಗುತ್ತಿದ್ದೇನೆ. ಅವರಿಗೆ ಎಂಬತ್ತಾರು. ಈವರೆಗೆ ಐದು ಹೆಸರು ಹೇಳಿದ್ದಾರೆ. ಅವರಲ್ಲೊಬ್ಬಳು ಗಂಡ ತೀರಿದ ಮೇಲೆ ರೇಷ್ಮೆ ಹುಳು ಮೇಯಿಸಿ ನಾಲ್ಕು ಮಕ್ಕಳನ್ನು ಸಾಕಿದವಳು. ಆಕೆಯ ತವರೂರು ಯಾವುದೆಂದು ಅತ್ತೆ ಇನ್ನೂ ನೆನಪು ಮಾಡಿಕೊಳ್ಳುತ್ತಿದ್ದಾರೆ.