ಗುಂಡು ಸುಲಭ, ಚೌಕಾಸಿ ಕಷ್ಟ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 1996ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಹೋದ ತಿಂಗಳು ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀವು ಕಂಪ್ಯೂಟರ್ ಆಟ ತಯಾರಿಸೋರಂತೆ. ನಮ್ಮ ಹುಡುಗರು ಮೂರು ಹೊತ್ತೂ ಮೊಬೈಲಲ್ಲಿ ಢಂ ಢಂ ಅನ್ನಿಸ್ತಾ ಇರ್ತಾರೆ. ಆ ಆಟಗಳಲ್ಲೆಲ್ಲ ಹೊಡಿ, ಕೊಲ್ಲು ಅನ್ನೋದೇ ಯಾಕೆ ಇರುತ್ತೆ, ಅದನ್ನೇ ಮಾತಾಡಿ" ಎಂದರು. ಬೇರೆಯವರೆಲ್ಲ ತಮ್ಮ ಸಾಧನೆ ಹೇಳಿಕೊಳ್ಳುವ ವೇದಿಕೆಯಲ್ಲಿ ನನಗೆ ಸಿಕ್ಕಿದ್ದು ಇದು. ಇರಲಿ, ಕೇಳಿದ್ದು ಸರಿಯಾದವನನ್ನೇ.

ಹತ್ತು ವರ್ಷದ ಹಿಂದೆ ನಾನಿದ್ದ ಚಿಕ್ಕ ಕಂಪನಿಯಲ್ಲಿ ಒಂದು ಬಂದೂಕಿನ ಆಟ ತಯಾರಿಸುತ್ತಿದ್ದೆವು. ಗುಂಡು ತಗುಲಿದ ಸೈನಿಕ ಚೀರಬೇಕು. ಚೀರಲು ಕಲಾವಿದರನ್ನು ಕರೆಸುವಷ್ಟು ದುಡ್ಡಿರಲಿಲ್ಲ. ಆಫೀಸಿನಲ್ಲಿದ್ದ ಆರು ಜನ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡು, ತಲೆಯ ಮೇಲೆ ಕಂಬಳಿ ಹೊದ್ದು, ಮೈಕಿನ ಮುಂದೆ ಸತ್ತೆವು. ನಾನು ಹನ್ನೊಂದು ಸಲ ಸತ್ತೆ. ಅದರಲ್ಲಿ ಎರಡು ಕೂಗು ಆಯ್ಕೆಯಾದವು.

ಆ ವರ್ಷ ದೀಪಾವಳಿಗೆ ಊರಿಗೆ ಬಂದಾಗ ಅಕ್ಕನ ಮಗನ ಫೋನಿಗೆ ಆ ಆಟ ಹಾಕಿಕೊಟ್ಟೆ. ಅವನು ನಡುಮನೆಯಲ್ಲಿ ಆಡುತ್ತಿದ್ದ, ನಾನು ಹಿತ್ತಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದೆ. ಅಡುಗೆಮನೆಯಿಂದ ಅವ್ವ ಸೌಟು ಹಿಡಿದುಕೊಂಡೇ ಓಡಿಬಂದಳು. "ಏನಾಯ್ತೋ ಮಗ, ಎಲ್ಲಿದ್ದೀಯೋ?" ಆರು ಜನರ ಕೂಗಿನಲ್ಲಿ ನನ್ನದು ಯಾವುದೆಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ನನ್ನನ್ನು ಕಣ್ಣಾರೆ ಕಂಡಮೇಲೂ ಅವಳ ಕೈ ನಡುಗುತ್ತಿತ್ತು. ವಿಷಯ ಬಿಡಿಸಿ ಹೇಳಿದೆ. "ಇದಕ್ಕೆ ಸಂಬಳ ಕೊಡ್ತಾರಾ?" ಎಂದು ಕೇಳಿ ಒಳಗೆ ಹೋದಳು.

ಅವತ್ತಿನಿಂದ ಈ ಪ್ರಶ್ನೆ ನನ್ನದೂ ಆಗಿದೆ.

ಆಟದಲ್ಲಿ ಕಾಳಗ ಇರುವುದು ಹೊಸದಲ್ಲ. ಚದುರಂಗವೇ ಒಂದು ಸೈನ್ಯ. ಗುಡಿಯ ಜಗಲಿಕಲ್ಲಿನ ಮೇಲೆ ಗೀಚಿಕೊಂಡು ನಾವು ಆಡುತ್ತಿದ್ದ ಹುಲಿ-ಕುರಿ ಆಟದಲ್ಲೂ ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ. ಕಬಡ್ಡಿಯಲ್ಲಿ "ನೀನು ಸತ್ತೆ, ಹೊರಗೆ ಹೋಗು" ಎಂದು ನಾವೇ ಕೂಗಿಲ್ಲವೇ? ಆದರೆ ಅಲ್ಲಿ ಸತ್ತವನು ಎದುರಿಗೇ ನಿಂತು "ಮುಟ್ಟಲೇ ಇಲ್ಲ" ಎಂದು ಜಗಳಕ್ಕೆ ಬರುತ್ತಿದ್ದ. ಕಂಪ್ಯೂಟರಿನಲ್ಲಿ ಸತ್ತವನು ಜಗಳಕ್ಕೆ ಬರುವುದಿಲ್ಲ.

1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ಯಂತ್ರಕ್ಕೆ 'ಸ್ಪೇಸ್‌ವಾರ್' ಎಂಬ ಆಟ ಬರೆದರು. ಕಂಪ್ಯೂಟರ್ ಆಟಗಳಲ್ಲಿ ಅದು ಬಹಳ ಹಳೆಯದು. ಅದರಲ್ಲಿ ಇದ್ದದ್ದು ಎರಡು ನೌಕೆ, ನಡುವೆ ಒಂದು ನಕ್ಷತ್ರ, ಪರಸ್ಪರ ಹೊಡೆದುಕೊಳ್ಳುವ ಕೆಲಸ. ಅವರು ಕ್ರೂರಿಗಳೆಂದು ಹಾಗೆ ಬರೆಯಲಿಲ್ಲ. ಆ ಯಂತ್ರಕ್ಕೆ ಪರದೆಯ ಮೇಲೆ ಚುಕ್ಕೆ ಇಡುವುದು, ಚುಕ್ಕೆ ಸರಿಸುವುದು, ಎರಡು ಚುಕ್ಕೆಗಳ ನಡುವಿನ ದೂರ ಲೆಕ್ಕ ಹಾಕುವುದು ಬರುತ್ತಿತ್ತು. ದೂರ ಸೊನ್ನೆಯಾದರೆ ಏನೋ ಆಗಬೇಕಲ್ಲ? ಸ್ಫೋಟವಾಯಿತು. ನಮ್ಮ ಗಣಿತದ ಮೇಷ್ಟ್ರು ಹತ್ತನೇ ತರಗತಿಯಲ್ಲಿ ಬೆತ್ತ ಹಿಡಿದು ಕಲಿಸಿದ, ಎರಡು ಬಿಂದುಗಳ ನಡುವಿನ ದೂರದ ಸೂತ್ರ ನೆನಪಿದೆಯೇ? ಜಗತ್ತಿನ ಬಂದೂಕಿನ ಆಟಗಳಿಗೆಲ್ಲ ಅದೇ ತಳಪಾಯ. ತಗುಲಿತೋ, ಇಲ್ಲವೋ. ಹೌದು ಅಥವಾ ಅಲ್ಲ. ಕಂಪ್ಯೂಟರಿಗೆ ಇದಕ್ಕಿಂತ ಹಿಡಿಸುವ ಪ್ರಶ್ನೆ ಇನ್ನೊಂದಿಲ್ಲ.

1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಮಾಡಿದರು. ಮನುಷ್ಯರನ್ನು ಸುಡುವುದು ಸರಿಯಲ್ಲವೆಂದು ಅದರಲ್ಲಿ ಅನ್ಯಗ್ರಹದ ಜೀವಿಗಳನ್ನು ಸಾಲಾಗಿ ನಿಲ್ಲಿಸಿದರು. ಅಲ್ಲೊಂದು ತಮಾಷೆ ನಡೆಯಿತು. ಒಂದೊಂದು ಜೀವಿ ಸತ್ತಾಗಲೂ ಚಿತ್ರ ಬಿಡಿಸುವ ಕೆಲಸ ಯಂತ್ರಕ್ಕೆ ಕಡಿಮೆಯಾಗಿ, ಉಳಿದವು ತಾವಾಗಿಯೇ ಜೋರಾಗಿ ಓಡತೊಡಗಿದವು. ಆಡುವವರ ಎದೆಬಡಿತವೂ ಏರಿತು. ನಿಶಿಕಾಡೊ ಅದನ್ನು ಸರಿಪಡಿಸದೆ ಹಾಗೆಯೇ ಉಳಿಸಿಕೊಂಡರು.

ಮಾತುಕತೆಯ ಕಥೆ ಬೇರೆ. ನನ್ನ ಅನುಭವವನ್ನೇ ಹೇಳುತ್ತೇನೆ. ಬಂದೂಕಿನ ಆಟಕ್ಕಿಂತ ಮೊದಲು ನಾವು ಒಂದು ಸಂತೆಯ ಆಟ ಶುರುಮಾಡಿದ್ದೆವು. ಟೊಮೆಟೊ ಮಾರುವ ಅಜ್ಜಿಯ ಹತ್ತಿರ ಚೌಕಾಸಿ ಮಾಡಬೇಕು. ನಮ್ಮ ಊರಿನ ಸಂತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಅಜ್ಜಿ ನಗುತ್ತಾಳೆ, ರೇಗುತ್ತಾಳೆ, ಹೋದ ವಾರದ ಬಾಕಿ ನೆನಪಿಸುತ್ತಾಳೆ, ನಿಮ್ಮವ್ವ ಹೇಗಿದ್ದಾಳೆ ಎನ್ನುತ್ತಾಳೆ. ನಾಲ್ಕು ತಿಂಗಳು ಕೂತು ಮುನ್ನೂರು ಮಾತು ಬರೆದೆವು. ಆಡಿ ನೋಡಿದವರು ಹತ್ತೇ ನಿಮಿಷಕ್ಕೆ, "ಅಜ್ಜಿ ಹೇಳಿದ್ದನ್ನೇ ಹೇಳ್ತಾಳೆ" ಎಂದರು. ನಿಜವಾದ ಅಜ್ಜಿಯೂ ಹೇಳಿದ್ದನ್ನೇ ಹೇಳುತ್ತಾಳೆ, ಅದು ಬೇರೆ ಮಾತು! ಆದರೆ ಬಂದೂಕಿನ ಆಟದಲ್ಲಿ ಸೈನಿಕ ಸಾವಿರ ಸಲ ಒಂದೇ ರೀತಿ ಬಿದ್ದರೂ ಯಾರೂ ದೂರಲಿಲ್ಲ. ಅಜ್ಜಿಯ ಮಾತನ್ನು ತಮಿಳಿಗೆ, ಹಿಂದಿಗೆ, ಇಂಗ್ಲಿಷಿಗೆ ಅನುವಾದ ಮಾಡಬೇಕಿತ್ತು. ಗುಂಡಿಗೆ ಅನುವಾದ ಬೇಡ. ಅಜ್ಜಿಯನ್ನು ಕೈಬಿಟ್ಟೆವು.

ದುಡ್ಡು ಹಾಕುವವರ ಲೆಕ್ಕವೂ ಇದೆ. ಹೋದ ವರ್ಷ ಗೆದ್ದದ್ದನ್ನೇ ಈ ವರ್ಷವೂ ಮಾಡಿ ಎನ್ನುತ್ತಾರೆ. ನೀವೆಲ್ಲ ಹೆಸರು ಕೇಳಿರುವ ಪಬ್ಜಿಯನ್ನೇ ನೋಡಿ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವನು ಗೆದ್ದ. ಸುಮ್ಮನೆ ಅಡಗಿ ಕೂರಬಾರದೆಂದು ಸುರಕ್ಷಿತ ಜಾಗದ ವೃತ್ತ ಚಿಕ್ಕದಾಗುತ್ತಾ ಬರುತ್ತದೆ. ಅದರ ಮೊಬೈಲ್ ಆವೃತ್ತಿಯನ್ನು 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿತು. ಮರುವರ್ಷ ಅದು ಇನ್ನೊಂದು ಹೆಸರಿನಲ್ಲಿ ಬಂತು. ಫೋನಿನಲ್ಲಿ ಆಡಲು ದುಡ್ಡಿಲ್ಲ. ದುಡ್ಡು ಇರುವುದು ಸೈನಿಕನ ಬಟ್ಟೆಯಲ್ಲಿ, ಬಂದೂಕಿನ ಬಣ್ಣದಲ್ಲಿ. ಹಬ್ಬಕ್ಕೆ ಹೊಸ ಅಂಗಿ ಬೇಡವೆಂದ ಹುಡುಗ ಅಲ್ಲಿರುವ ಬೊಂಬೆಗೆ ಅಂಗಿ ಕೊಳ್ಳುತ್ತಾನೆ. ತಂದೆತಾಯಂದಿರು ಗುಂಡಿನ ಸದ್ದಿಗೆ ಗಾಬರಿಯಾಗುತ್ತಾರೆ. ನಾನಾದರೆ ಬ್ಯಾಂಕಿನಿಂದ ಬರುವ ಮೆಸೇಜನ್ನೂ ನೋಡಿಕೊಳ್ಳುತ್ತೇನೆ.

ಇಂಥ ಆಟ ಆಡಿದವರು ಕೊಲೆಗಡುಕರಾಗುತ್ತಾರೆಯೇ? ಹಾಗೆಂದು ಹೇಳಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಸ್ಪಷ್ಟವಾಗಿ ಹೇಳಿತು. ಕೂಗಾಟ, ತಳ್ಳಾಟದಂಥ ವರ್ತನೆಗೂ ಈ ಆಟಗಳಿಗೂ ಸಣ್ಣ ನಂಟು ಇದೆ ಎಂದೂ ಹೇಳಿತು. ಎರಡನ್ನೂ ಒಟ್ಟಿಗೆ ನೆನಪಿಡಿ. ಆಟ ಬಿಡಲಾಗದೆ ಊಟ, ನಿದ್ದೆ, ಓದು ಕೆಡುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ನನ್ನ ಅಕ್ಕನ ಮಗ ಯಾರಿಗೂ ಹೊಡೆಯಲಿಲ್ಲ. ಆದರೆ ಪಿಯುಸಿಯ ಒಂದು ವರ್ಷ ಕಳೆದುಕೊಂಡ. ಆ ಆಟವನ್ನು ಅವನ ಫೋನಿಗೆ ಹಾಕಿಕೊಟ್ಟವನು ನಾನೇ ಎಂಬುದನ್ನು ಅಕ್ಕ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಅಲ್ಲಿ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ.

ಬೇರೆ ದಾರಿ ಇಲ್ಲವೆಂದಲ್ಲ. 1980ರಲ್ಲಿ ತೊರು ಇವಾತಾನಿ, ಹೆಣ್ಣುಮಕ್ಕಳೂ ಬಂದು ಆಡುವಂಥದ್ದು ಬೇಕೆಂದು ತಿನ್ನುವುದನ್ನೇ ಆಟ ಮಾಡಿದರು, ಅದೇ ಪ್ಯಾಕ್‌ಮನ್. ಅಮೆರಿಕದ ವಿಲ್ ರೈಟ್ ಅವರ ಕಥೆ ನನಗೆ ಇನ್ನೂ ಇಷ್ಟ. ಅವರು ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ ಆಟ ಮಾಡುತ್ತಿದ್ದರು. ಆ ದ್ವೀಪಗಳ ರಸ್ತೆ, ಕಟ್ಟಡ ಬಿಡಿಸಲು ಒಂದು ಸಲಕರಣೆ ಬರೆದುಕೊಂಡಿದ್ದರು. ಬಾಂಬು ಹಾಕುವುದಕ್ಕಿಂತ ಕಟ್ಟುವುದೇ ಚೆನ್ನಾಗಿದೆ ಅನ್ನಿಸಿತು. ಸೋಲು-ಗೆಲುವೇ ಇಲ್ಲದ ಇದೆಂಥ ಆಟ ಎಂದು ಪ್ರಕಾಶಕರು ಹಿಂಜರಿದರು. ಕೊನೆಗೆ 1989ರಲ್ಲಿ ಅದು 'ಸಿಮ್‌ಸಿಟಿ'ಯಾಗಿ ಬಂದು ಹೆಸರು ಮಾಡಿತು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗಿರುವ ಮೈನ್‌ಕ್ರಾಫ್ಟ್ ಕೂಡ ಮುಖ್ಯವಾಗಿ ಅಗೆಯುವ, ಕಟ್ಟುವ ಆಟ. 30 ಕೋಟಿಗೂ ಹೆಚ್ಚು ಪ್ರತಿ ಹೋಗಿವೆ.

ಮಕ್ಕಳೇ, ಮುಂದಿನ ತಿಂಗಳಿನಿಂದ ಎರಡು ವಾರಕ್ಕೊಮ್ಮೆ ಶನಿವಾರ ಮಧ್ಯಾಹ್ನ ನಾನು ಇಲ್ಲಿಗೆ ಬರುತ್ತೇನೆ. ಮುಖ್ಯೋಪಾಧ್ಯಾಯರು ಕಂಪ್ಯೂಟರ್ ಕೊಠಡಿಯ ಬೀಗದಕೈ ಕೊಡಲು ಒಪ್ಪಿದ್ದಾರೆ. ಕೆಲಸ ಮಾಡುವ ಯಂತ್ರಗಳು ನಾಲ್ಕಿವೆ, ಸಾಕು. ಹುಲಿ-ಕುರಿ ಆಟವನ್ನೇ ಕಂಪ್ಯೂಟರಿಗೆ ಬರೆಯೋಣ. ನಾನು ಮನೆಯಲ್ಲಿ ಸ್ವಲ್ಪ ಶುರುಮಾಡಿದ್ದೇನೆ. ಹುಲಿ ಹಾರಿ ಕುರಿಯನ್ನು ತಿನ್ನುವುದು ಹತ್ತು ಸಾಲಿನಲ್ಲಿ ಮುಗಿಯಿತು. ಕುರಿಗಳು ಒಂದಕ್ಕೊಂದು ಒತ್ತಾಸೆಯಾಗಿ ನಿಂತು ಹುಲಿಯನ್ನು ಕಟ್ಟಿಹಾಕುವ ಭಾಗ ಮೂರು ವಾರದಿಂದ ಬರೆಯುತ್ತಿದ್ದೇನೆ, ಇನ್ನೂ ಸರಿಹೋಗಿಲ್ಲ. ಆ ಆಟ ಚೆನ್ನಾಗಿ ಬಲ್ಲ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ನೀವೂ ಬನ್ನಿ.