ಅಪ್ಪನ ಯೆಜ್ಡಿಯ ಟ್ಯಾಂಕು



ಅಪ್ಪ ತೀರಿಕೊಂಡ ಮೇಲೆ ಅವರ ಯೆಜ್ಡಿ ಆರು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಆಮ್ಲ ತುಕ್ಕನ್ನು ಕರಗಿಸುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದು ನೆನಪಾಯಿತು. ಹಳೇ ಪೆಟ್ರೋಲನ್ನು ಬಯಲಲ್ಲಿ ಬಸಿದು, ಸೋಪಿನ ನೀರಲ್ಲಿ ತೊಳೆದು, ಕಂಠಮಟ್ಟ ವಿನೆಗರ್ ತುಂಬಿ ಎರಡು ದಿನ ಬಿಟ್ಟೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಖುಷಿಯಲ್ಲಿ ಮಲಗಿದೆ. ಬೆಳಗ್ಗೆ ನೋಡಿದರೆ ಮತ್ತೆ ಕೆಂಪು! ನೀರು, ಗಾಳಿ ಸೇರಿದರೆ ತುಕ್ಕು ಎಂಬ ಮೊದಲ ಪಾಠವನ್ನೇ ಮರೆತಿದ್ದೆ.

ಎರಡನೇ ಸಲ ತೊಳೆದ ಕೂಡಲೇ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ, ಒಳಗೆಲ್ಲ ಎಣ್ಣೆ ಆಡಿಸಿದೆ. ಈಗ ಟ್ಯಾಂಕನ್ನು ಖಾಲಿ ಬಿಡುವುದಿಲ್ಲ.

ಇವತ್ತು ಅದರಲ್ಲೇ ಬಂದಿದ್ದೇನೆ. ಮೇಷ್ಟ್ರೇ, ಗಾಡಿ ಗೇಟಿನ ಹತ್ತಿರ ನಿಂತಿದೆ. ಮುಚ್ಚಳ ತೆಗೆದು ಒಂದು ಸಲ ನೋಡಿ.