ಕುಂತಿಬೆಟ್ಟದಿಂದ ಹಮ್ತಾ ಪಾಸ್‌ವರೆಗೆ



ಎಂಟನೇ ಕ್ಲಾಸಿನಲ್ಲಿ ಪಾಂಡವಪುರದ ಕುಂತಿಬೆಟ್ಟ ಹತ್ತುವಾಗ, ಡ್ರಿಲ್ ಮೇಷ್ಟ್ರು ಎಲ್ಲರಿಗಿಂತ ನಿಧಾನವಾಗಿ ನಡೆಯುವ ಹುಡುಗನನ್ನು ಮುಂದೆ ಬಿಟ್ಟು, "ಇವನನ್ನು ಯಾರೂ ದಾಟಬೇಡಿ" ಎಂದರು. ಆ ಹುಡುಗ ನಾನೇ. ಅವಮಾನವಾಯಿತು.

ಮೂವತ್ತು ವರ್ಷಗಳ ನಂತರ ಹಿಮಾಚಲದ ಹಮ್ತಾ ಪಾಸ್‌ಗೆ ಹೊರಟೆ. ಕುಲ್ಲು ಕಡೆಯಿಂದ ಲಾಹೌಲ್‌ಗೆ ದಾಟುವ ಈ ಬೆಟ್ಟದ ದಾರಿ ಸುಮಾರು 4,270 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಿನದರ ಮೂರನೇ ಎರಡರಷ್ಟು ಮಾತ್ರ.

ಹಿಂದಿನ ರಾತ್ರಿ ಡೇರೆಯಲ್ಲಿ ತಲೆ ಸಿಡಿಯಿತು, ವಾಂತಿಯಾಯಿತು. ಇಷ್ಟು ದೂರ ಬಂದು ಹೇಗೆ ಹೇಳುವುದೆಂದು ಮುಚ್ಚಿಟ್ಟೆ. ಬೆಳಿಗ್ಗೆ ನಾನು ತೂರಾಡುವುದನ್ನು ಕಂಡ ಗೈಡ್ ತಕ್ಷಣ ಕೆಳಗೆ ಕರೆತಂದರು. ತೂರಾಡುವುದು ಮಿದುಳು ಊದುತ್ತಿರುವ ಸೂಚನೆಯಾಗಿರಬಹುದು. ಮೇಲೇರಿದ್ದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಮೊದಲ ಮದ್ದು ಕೆಳಗಿಳಿಯುವುದೇ.

ಮರುವರ್ಷ ಮತ್ತೆ ಹೋದೆ. ದಾರಿಯಲ್ಲಿ ಒಂದು ದಿನ ಹೆಚ್ಚು ತಂಗಿದೆವು. ಹೊರಡುವಾಗ ಗೈಡ್ ನನ್ನನ್ನೇ ಮುಂದೆ ಬಿಟ್ಟರು. ಎಲ್ಲರೂ ಪಾಸ್ ದಾಟಿದೆವು.

ಸಾರ್, ನೀವು ಇಲ್ಲೇ ಕುಳಿತಿದ್ದೀರಿ. ಅಂದು ಮುನಿಸಿಕೊಂಡು ನಿಮ್ಮೊಡನೆ ಮಾತು ಬಿಟ್ಟಿದ್ದೆ, ಕ್ಷಮಿಸಿ. ಮಕ್ಕಳೇ, ಮೈಗೆ ಆಗದಿದ್ದರೆ ಬಾಯಿಬಿಟ್ಟು ಹೇಳಿ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.